ಮಿನ್ನೆಸೋಟಾಕ್ಕೆ ಹೊರಟ ತಂಗಿಗೆ: ಚಳಿಗಾಲದ ಹಕ್ಕಿಗಳ ಬಗ್ಗೆ

ತಂಗಿ, ನಿಮಗೂ ಮನೆಯವರಿಗೂ ಶರಣು ಶರಣಾರ್ಥಿ. ದೀಪಾವಳಿ ಮುಗಿಸಿ ಕಲಬುರಗಿಯಿಂದ ಅಮೆರಿಕದ ಮಿನ್ನೆಯಾಪೊಲಿಸ್‌ಗೆ ಹೊರಡಲಿರುವ ನೀವು, ಡಿಸೆಂಬರಿನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುವ ಆ ಊರಿನಲ್ಲಿ ಒಂಬತ್ತು ಮತ್ತು ಐದು ವರ್ಷದ ಮಕ್ಕಳೊಂದಿಗೆ ಚಳಿಗಾಲವನ್ನು ಹೇಗೆ ಕಳೆಯುವುದೆಂದು ಕೇಳಿದ್ದೀರಿ. ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಹಕ್ಕಿಗಳಿಗೆ ಕಾಳು ಹಾಕಿದ ಮೇಲೆಯೇ ಚಹಾ ಕುಡಿಯುವ ನಿಮ್ಮ ಅತ್ತೆಯವರೂ ಜೊತೆಗೆ ಬರುತ್ತಿದ್ದು, ಅಲ್ಲಿ ಅದಕ್ಕೆ ಅವಕಾಶವಿದೆಯೇ ಎಂದೂ ವಿಚಾರಿಸಿದ್ದೀರಿ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿಯೇ ನೆಲೆಸಿರುವ ನಾನು ಈಗ ರಜೆಗೆಂದು ಬಂದು, ನಮ್ಮ ಬ್ರಹ್ಮಪುರದ ಮನೆಯಲ್ಲಿ ಕುಳಿತು ಎರಡೂ ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ಅತ್ತೆಯವರ ಆ ರೂಢಿಯಲ್ಲಿಯೇ ಇದೆ.

ನಮ್ಮ ಕಡೆ ಹಕ್ಕಿಗಳಿಗೆ ಕಷ್ಟಕಾಲವೆಂದರೆ ಬೇಸಿಗೆ. ಹೊಲಕ್ಕೆ ಬಂದ ಹಕ್ಕಿಗಳನ್ನು ಶರಣಬಸವೇಶ್ವರರು ಓಡಿಸದೆ, ತಿಂದು ಹೋಗಲೆಂದು ಬಿಟ್ಟು ಕುಡಿಯಲು ನೀರನ್ನೂ ಇಟ್ಟರೆಂಬ ಕಥೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಅಲ್ಲಿ ಕಷ್ಟಕಾಲ ಬರುವುದು ಜನವರಿಯಲ್ಲಿ, ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದು, ನೆಲವೆಲ್ಲ ಹಿಮದಡಿ ಮುಚ್ಚಿಹೋದಾಗ. ಆ ಚಳಿಯಲ್ಲಿಯೂ ಊರು ಬಿಡದ ಚಿಕಡೀ ಎಂಬ ಹಕ್ಕಿ ಬರೀ ಹತ್ತು ಹನ್ನೆರಡು ಗ್ರಾಂ ತೂಗುತ್ತದೆ. ಹಗಲಿನಲ್ಲಿ ಸುಮಾರು 42 ಡಿಗ್ರಿ ಇರುವ ತನ್ನ ಮೈಬಿಸಿಯನ್ನು ಅದು ರಾತ್ರಿ ಹತ್ತು ಡಿಗ್ರಿಯಷ್ಟು ತಗ್ಗಿಸಿಕೊಂಡು ಬೆಳಗು ಕಾಯುತ್ತದೆ, ಮತ್ತು ಒಂದೊಂದೇ ಕಾಳನ್ನು ಬೇರೆ ಬೇರೆ ತೊಗಟೆಯ ಸಂದುಗಳಲ್ಲಿ ಬಚ್ಚಿಟ್ಟು, ಇಟ್ಟ ಜಾಗಗಳನ್ನು ನೆನಪಿಟ್ಟುಕೊಳ್ಳುತ್ತದೆ. ಅಪಾಯ ಹೆಚ್ಚಿದ್ದಷ್ಟೂ ಅದರ ಕೂಗಿನ ಕೊನೆಯಲ್ಲಿ ‘ಡೀ’ ಎಂಬ ದನಿ ಹೆಚ್ಚು ಸಲ ಬರುತ್ತದೆ. ಇದನ್ನು ತಿಳಿದ ದಿನದಿಂದ ನನ್ನ ಮಗಳು ಕಿಟಕಿಯ ಬಳಿ ಕುಳಿತು ‘ಡೀ’ಗಳನ್ನು ಎಣಿಸತೊಡಗಿದಳು. ಅಲ್ಲಿಯವರೆಗೆ ಚಳಿಗಾಲವೆಂದರೆ ಅಳುತ್ತಿದ್ದ ಮಗು ಅದು.

ಹೊರಡುವ ಮೊದಲು ಅತ್ತೆಯವರನ್ನು ಒಮ್ಮೆ ಗಂಜ್ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಮಿನ್ನೆಸೋಟಾದ ಹಕ್ಕಿಗಳು ತಿನ್ನುವ ಕಾಳು ಯಾವುವೆಂದು ತೋರಿಸಿರಿ. ಎಲ್ಲಕ್ಕಿಂತ ಹೆಚ್ಚು ಹಕ್ಕಿಗಳು ಬರುವುದು ತೆಳು ಸಿಪ್ಪೆಯ ಕಪ್ಪು ಸೂರ್ಯಕಾಂತಿ ಬೀಜಕ್ಕೆ. ಹಿಮದ ನಡುವೆ ಕುಂಕುಮದ ಹಾಗೆ ಕಾಣುವ ಕಾರ್ಡಿನಲ್ ಹಕ್ಕಿಗೆ ನಮ್ಮ ಕುಸುಬಿ ಇಷ್ಟ, ಅಳಿಲುಗಳು ಅದನ್ನು ಅಷ್ಟಾಗಿ ಮುಟ್ಟುವುದಿಲ್ಲವೆಂಬುದು ಇನ್ನೊಂದು ಅನುಕೂಲ. ಗೋಲ್ಡ್‌ಫಿಂಚ್‌ಗಳಿಗೆಂದು ‘ನೈಜರ್’ ಹೆಸರಿನಲ್ಲಿ ಮಾರುವ ಸಣ್ಣ ಕಪ್ಪು ಬೀಜವು ನಾವು ರೊಟ್ಟಿಗೆ ಹಿಂಡಿ ಮಾಡಿಕೊಳ್ಳುವ ಗುರೆಳ್ಳೇ ಆಗಿದ್ದು, ಅದು ಭಾರತದಿಂದಲೂ ಇಥಿಯೋಪಿಯಾದಿಂದಲೂ ಅಲ್ಲಿಗೆ ಹೋಗುತ್ತದೆ; ಮೊಳೆಯದಂತೆ ಬಿಸಿಯಲ್ಲಿ ಹದಗೊಳಿಸಿದ ಮೇಲೆಯೇ ಅದನ್ನು ಮಾರುತ್ತಾರೆ. ಆದರೆ ನಮ್ಮ ಜೋಳವನ್ನು ಮಾತ್ರ ಆ ಭಾಗದ ಹೆಚ್ಚಿನ ಹಕ್ಕಿಗಳು ಕೆದರಿ ಕೆಳಗೆ ಚೆಲ್ಲುತ್ತವೆ. ಆದ್ದರಿಂದ ಜೋಳ ಬೆರೆಸಿದ ಅಗ್ಗದ ಚೀಲಗಳನ್ನು ಕೊಳ್ಳಬೇಡಿರಿ. ಇಲ್ಲಿಂದ ಕಾಳು ಕಟ್ಟಿಕೊಂಡು ಹೋಗಲೂಬೇಡಿರಿ, ಬೀಜಗಳ ವಿಷಯದಲ್ಲಿ ಅಲ್ಲಿನ ವಿಮಾನ ನಿಲ್ದಾಣದ ತಪಾಸಣೆ ಬಹಳ ಬಿಗಿಯಾಗಿರುತ್ತದೆ.

ಮರಕುಟಿಗಗಳಿಗೆಂದು ಮಾರುವ ‘ಸೂಯೆಟ್’ ಎಂಬ ಬಿಲ್ಲೆ ದನದ ಕೊಬ್ಬಿನದು. ಅದನ್ನು ಮನೆಗೆ ತರಲು ಅತ್ತೆಯವರಿಗೆ ಮನಸ್ಸಾಗದಿದ್ದರೆ ಉಪ್ಪು ಹಾಕದ, ಸುಲಿದ ಶೇಂಗಾ ಇಡಬಹುದು. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಶೇಂಗಾವೇ ನಡೆದಿದೆ. ರೊಟ್ಟಿಯ ಚೂರು, ಅನ್ನ, ಬ್ರೆಡ್ಡು ಬೇಡ. ಆ ಚಳಿಯಲ್ಲಿ ಹಕ್ಕಿಗೆ ಬೇಕಾಗುವ ಕೊಬ್ಬು ಅವುಗಳಲ್ಲಿಲ್ಲ, ಉಳಿದದ್ದಕ್ಕೆ ಇಲಿಗಳು ಬರುತ್ತವೆ. ಅನೇಕ ಬಾಡಿಗೆ ಮನೆಗಳ ಕರಾರಿನಲ್ಲಿ ಹಕ್ಕಿಗಳಿಗೆ ಆಹಾರ ಹಾಕಬಾರದೆಂಬ ಷರತ್ತು ಇರುವುದರಿಂದ, ಸಹಿ ಹಾಕುವ ಮೊದಲೇ ಅದನ್ನು ಓದಿ, ಕೇಳಿ ತಿಳಿದುಕೊಳ್ಳಿರಿ.

ನಾವು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮೊದಲ ವರ್ಷ ಫೀಡರನ್ನು, ಅಂದರೆ ಹಕ್ಕಿಗಳಿಗೆ ಕಾಳು ತುಂಬಿಡುವ ಡಬ್ಬಿಯನ್ನು, ಬೈಠಕ್ ಕೋಣೆಯ ದೊಡ್ಡ ಗಾಜಿನಿಂದ ಹತ್ತಡಿ ದೂರದ ಕೊಂಬೆಗೆ ಕಟ್ಟಿದ್ದೆವು. ಒಂದು ಭಾನುವಾರ ಡೇಗೆಯೊಂದು ಎರಗಿದಾಗ ಬೆದರಿದ ಬೂದು ಬಣ್ಣದ ಜಂಕೋ ಹಕ್ಕಿ, ಗಾಜಿನಲ್ಲಿ ಕಂಡ ಆಕಾಶವನ್ನು ನಿಜವೆಂದು ನಂಬಿ ಡಿಕ್ಕಿ ಹೊಡೆದು, ಮಗಳ ಕಣ್ಣೆದುರಿಗೇ ಸತ್ತಿತು. ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ತಿಳಿದುಕೊಂಡ ನಿಯಮವೇನೆಂದರೆ, ಫೀಡರ್ ಗಾಜಿನಿಂದ ಮೂರಡಿಯೊಳಗೆ ಇರಬೇಕು, ಇಲ್ಲವೇ ಮೂವತ್ತಡಿಗಿಂತ ದೂರವಿರಬೇಕು, ಏಕೆಂದರೆ ಮೂರಡಿಯೊಳಗಿನಿಂದ ಹಾರಿದ ಹಕ್ಕಿಗೆ ಪೆಟ್ಟಾಗುವಷ್ಟು ವೇಗವೇ ಬಂದಿರುವುದಿಲ್ಲ. ಅಮೆರಿಕದಲ್ಲಿ ಪ್ರತಿವರ್ಷ 36.5 ಕೋಟಿಯಿಂದ 98.8 ಕೋಟಿ ಹಕ್ಕಿಗಳು ಕಟ್ಟಡಗಳಿಗೆ ಬಡಿದು ಸಾಯುತ್ತವೆಂದು 2014ರ ಅಧ್ಯಯನವೊಂದು ಅಂದಾಜು ಮಾಡಿದೆ. ನೀವು ಗಾಜಿಗೇ ಅಂಟಿಸುವ ಚಿಕ್ಕ ಫೀಡರನ್ನು ತೆಗೆದುಕೊಂಡರೆ ಈ ಭಯವೂ ಕಡಿಮೆ, ಐದು ವರ್ಷದ ಮಗುವಿಗೆ ಹಕ್ಕಿಯ ಉಗುರು ಕೂಡ ಕಾಣುತ್ತದೆ.

ಕಾಳು ತುಂಬುವುದು ಮಕ್ಕಳ ಕೆಲಸವಾಗಲಿ, ತೊಳೆಯುವುದು ದೊಡ್ಡವರದಾಗಲಿ. ಎರಡು ವಾರಕ್ಕೊಮ್ಮೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ತೊಳೆದು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕಾಳು ಹಾಕಬೇಕು. ಹೌಸ್ ಫಿಂಚ್ ಹಕ್ಕಿಗಳಲ್ಲಿ 1994ರಲ್ಲಿ ಕಾಣಿಸಿಕೊಂಡ ಕಣ್ಣುಬೇನೆಯಂತಹ ರೋಗಗಳು ಇಂತಹ ಜಾಗಗಳಲ್ಲಿಯೇ ಒಂದರಿಂದ ಒಂದಕ್ಕೆ ಅಂಟುತ್ತವೆ. ಕಣ್ಣು ಊದಿಕೊಂಡ ಹಕ್ಕಿ ಕಂಡರೆ ಕೆಲವು ವಾರ ಫೀಡರನ್ನೇ ತೆಗೆದಿಡಿರಿ. ತೊಳೆಯಲು ಪುರುಸೊತ್ತಿಲ್ಲದವರು ಕಾಳು ಹಾಕದಿರುವುದೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ನಡುವೆ ಊರಿಗೆ ಬಂದರೆ ಹಕ್ಕಿಗಳು ಉಪವಾಸ ಬೀಳುತ್ತವೆಯೇ ಎಂದು ಅತ್ತೆಯವರು ಖಂಡಿತ ಕೇಳುತ್ತಾರೆ, ನನ್ನ ತಾಯಿಯೂ ಕೇಳಿದ್ದರು. ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಬ್ರಿಟಿಂಗ್‌ಹ್ಯಾಮ್ ಮತ್ತು ಟೆಂಪಲ್ ಎಂಬ ವಿಜ್ಞಾನಿಗಳು ಚಿಕಡೀಗಳನ್ನು ಗಮನಿಸಿ, ಚಳಿಗಾಲ ದಾಟಿ ಬದುಕಿದವು ಕಾಳು ಸಿಕ್ಕ ಕಡೆ 69 ಶೇಕಡಾ, ಸಿಗದ ಕಡೆ 37 ಶೇಕಡಾ ಎಂದು 1988ರಲ್ಲಿ ಪ್ರಕಟಿಸಿದರು. ಅವರೇ ಮುಂದೆ 25 ವರ್ಷ ಕಾಳು ಹಾಕಿದ್ದ ಜಾಗದಲ್ಲಿ ಅದನ್ನು ನಿಲ್ಲಿಸಿ ನೋಡಿದಾಗ, ಅಲ್ಲಿನ ಹಕ್ಕಿಗಳು ಎಂದೂ ಫೀಡರ್ ಕಾಣದವುಗಳಷ್ಟೇ ಚೆನ್ನಾಗಿ ಬದುಕಿದವು. ಹಾಗಾಗಿ ನಿಶ್ಚಿಂತೆಯಿಂದ ಬನ್ನಿರಿ, ಕಡು ಚಳಿಯ ವಾರಗಳಲ್ಲಿ ಮಾತ್ರ ತಪ್ಪಿಸದಿರಲು ನೋಡಿರಿ.

ಫೆಬ್ರವರಿ ನಡುವಿನ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ನಲ್ಲಿ ಹದಿನೈದು ನಿಮಿಷ ಕುಳಿತು ಕಂಡ ಹಕ್ಕಿಗಳನ್ನು ಎಣಿಸಿ ಬರೆದು ಕಳಿಸಬಹುದು. 1998ರಲ್ಲಿ ಆರಂಭವಾದ ಈ ಎಣಿಕೆ 2013ರಿಂದ ಜಗತ್ತಿಗೆಲ್ಲ ತೆರೆದಿರುವುದರಿಂದ, ಕಲಬುರಗಿಯಲ್ಲಿರುವ ನಿಮ್ಮ ತಾಯಿಯವರೂ ಅದೇ ದಿನಗಳಲ್ಲಿ ಮಾಳಿಗೆಯ ಮೇಲಿನಿಂದ ಎಣಿಸಬಹುದು. ಅಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ರಾತ್ರಿ ಏಳೂವರೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಅಜ್ಜಿ ತಾವು ಕಂಡ ಗಿಳಿ, ಗೊರವಂಕಗಳ ಲೆಕ್ಕ ಓದುತ್ತಾರೆ, ಮೊಮ್ಮಗಳು ತನ್ನ ಚಿಕಡೀಗಳ ಲೆಕ್ಕ ಓದುತ್ತಾಳೆ.

ಮನೆ ಗೊತ್ತಾದ ಮೇಲೆ ಎಷ್ಟನೆಯ ಮಹಡಿ, ಕಿಟಕಿ ಯಾವ ದಿಕ್ಕಿಗಿದೆ ಎಂದು ತಿಳಿಸಿರಿ. ನಮ್ಮಲ್ಲಿ ಗಾಜಿಗೆ ಅಂಟಿಸುವ ಫೀಡರ್ ಒಂದು ಹೆಚ್ಚಿಗೆ ಇದೆ, ನವೆಂಬರ್ ಕೊನೆಗೆ ನಾನೇ ತಂದುಕೊಡುತ್ತೇನೆ.