ಕುರಿಯ ಹೊಟ್ಟೆಯ ಜಂತುಹುಳುವನ್ನು ಬಿಳಿ ರಕ್ತಕಣಗಳು ನುಂಗಿಬಿಡಬಹುದು ಅಲ್ವಾ?
ನುಂಗಲು ಆಗುವುದಿಲ್ಲ. ಬ್ಯಾಕ್ಟೀರಿಯಾ ಆದರೆ ಗುಳುಂ ಮಾಡಬಹುದು. ಕುರಿಯ ಹೊಟ್ಟೆಯಲ್ಲಿ ರಕ್ತ ಹೀರುವ ಹೀಮಾಂಕಸ್ ಎಂಬ ಜಂತುಹುಳು ಬಲಿತಾಗ 1-3 ಸೆಂಟಿಮೀಟರ್ ಉದ್ದ, ಅದರ ಮರಿಯೂ ಒಂದು ಕಣಕ್ಕೆ ಬೆಟ್ಟದಷ್ಟು.

ಅದಕ್ಕೇ ಟಿ ಕಣಗಳು ಎಂಬ ಬಿಳಿ ರಕ್ತಕಣಗಳು ಇಂಟರ್‌ಲ್ಯೂಕಿನ್-5 ಎಂಬ ರಾಸಾಯನಿಕ ಸಂದೇಶ ಬಿಟ್ಟು ಇಯೋಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ಕರೆಸುತ್ತವೆ. ಇವು ಮರಿಹುಳುವಿನ ಮೈಗೆ ಗುಂಪಾಗಿ ಅಂಟಿಕೊಂಡು ವಿಷದ ಪ್ರೋಟೀನ್ ಸುರಿಯುತ್ತವೆ. ಹೊಟ್ಟೆಯ ಒಳಪದರದಲ್ಲಿರುವ ಮಾಸ್ಟ್ ಕಣಗಳೆಂಬ ರಕ್ಷಕ ಕಣಗಳೂ ಸೇರಿಕೊಳ್ಳುತ್ತವೆ. ಲೋಳೆ ಜಾಸ್ತಿಯಾಗಿ ಹುಳುವಿಗೆ ಕಚ್ಚಿಕೊಳ್ಳುವುದೇ ಕಷ್ಟ. ಅಲರ್ಜಿಯಾದಾಗ ನಮ್ಮ ಮೂಗು ಸೋರುತ್ತದಲ್ಲ, ಹೆಚ್ಚೂಕಡಿಮೆ ಅದೇ ಕಣಗಳ ಕೆಲಸ!

ಎಳೆಯ ಕುರಿಮರಿಗಳಲ್ಲಿ ಈ ಪಡೆ ಇನ್ನೂ ಪಳಗಿರುವುದಿಲ್ಲ. ಈಯುವ ಹೊತ್ತಿನ ತಾಯಿಕುರಿಯಲ್ಲೂ ಅದು ಕುಗ್ಗುತ್ತದೆ, ಆಗ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಹೆಚ್ಚುತ್ತದೆ. ಕುರಿಯ ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಿನ ಬದಲು ಬಿಳಿಚಿದ್ದರೆ ಹುಳು ರಕ್ತ ಹೀರುತ್ತಿರಬಹುದು, ಸುಮ್ನೆ ಕೂರಬೇಡಿ, ಪಶುವೈದ್ಯರಿಗೆ ತೋರಿಸಿ.