ಪಟ್ಟರ್ ಮುಖ ಎತ್ತಲೋ, ಚೆಂಡು ಅತ್ತಲೇ

ಪ್ರಶ್ನೆ: ನಾನು ಬಲಗೈ ಗಾಲ್ಫ್ ಆಟಗಾರ. ಐದಾರು ಅಡಿಯ ಪಟ್‌ಗಳೇ (ಚೆಂಡನ್ನು ಹೋಲ್‌ಗೆ, ಅಂದರೆ ಕುಳಿಗೆ, ಉರುಳಿಸುವ ಹೊಡೆತಗಳೇ) ಕೈಕೊಡುತ್ತಿವೆ, ಹೆಚ್ಚಿನವು ಎಡಕ್ಕೆ. ಪಟ್ ಹೊಡೆಯುವ ದಾಂಡಾದ ಪಟ್ಟರನ್ನು ನೇರ ಹಿಂದಕ್ಕೆ, ನೇರ ಮುಂದಕ್ಕೆ ಒಯ್ಯುವುದನ್ನೇ ಅಭ್ಯಾಸ ಮಾಡುತ್ತಿದ್ದೇನೆ. ತಪ್ಪೆಲ್ಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಪಟ್ಟರ್ ಸಾಗುವ ದಾರಿಯ ಚಿಂತೆ ಬಿಡಿ, ಚೆಂಡಿಗೆ ತಾಗುವ ಅದರ ಮುಖ ನೋಡಿಕೊಳ್ಳಿ. ತಾಗುವ ಕ್ಷಣದಲ್ಲಿ ಪಟ್ಟರ್ ಮುಖ ಎತ್ತ ತಿರುಗಿದೆಯೋ ಚೆಂಡು ಬಹುಪಾಲು ಅತ್ತಲೇ ಹೊರಡುತ್ತದೆ. ಪಟ್ಟರಿನ ಕೋಲು ಲಂಬದಿಂದ ಕನಿಷ್ಠ 10 ಡಿಗ್ರಿ ವಾಲಿರಬೇಕೆಂದು ನಿಯಮವೇ ಇರುವಾಗ, ಹೊಡೆತ ಒಂಚೂರು ಕಮಾನಾಗುವುದು ಸಹಜ. ಅದನ್ನು ಬಲವಂತವಾಗಿ ನೆಟ್ಟಗೆ ಮಾಡಹೊರಟರೆ ಮಣಿಕಟ್ಟು ಅಡ್ಡ ಬರುತ್ತದೆ.

ಹೋಲ್‌ನ ಅಗಲ 10.8 ಸೆಂ.ಮೀ. ಆರು ಅಡಿ ದೂರದಿಂದ ಚೆಂಡಿನ ದಿಕ್ಕು 1.7 ಡಿಗ್ರಿ ತಪ್ಪಿದರೆ ಅದರ ನಡುಭಾಗ ಹೋಲ್‌ನ ಅಂಚಿಗೆ ಬರುತ್ತದೆ. 10 ಅಡಿಯಿಂದಾದರೆ ಒಂದೇ ಡಿಗ್ರಿ ಸಾಕು.

ಚೆಂಡು ಎಡಕ್ಕೆ ಹೋಗುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ತಲೆ. ಚೆಂಡು ಬಿತ್ತೋ ಎಂದು ಬೇಗ ಕತ್ತೆತ್ತಿದರೆ ಎಡಭುಜ ತೆರೆದುಕೊಳ್ಳುತ್ತದೆ, ಪಟ್ಟರ್ ಒಳಕ್ಕೆ ಬರುತ್ತದೆ. ಬೀಳುವ ಸದ್ದು ಕೇಳಿಸುವವರೆಗೆ ಚೆಂಡಿದ್ದ ಜಾಗವನ್ನೇ ನೋಡಿ. ಎರಡನೆಯದು ಎಡ ಮಣಿಕಟ್ಟು ಮಡಚುವುದು. ಹಿಡಿಕೆ ಬೆರಳಿಗಿಂತ ಅಂಗೈಯಲ್ಲಿ ಕೂರಲಿ, ಭುಜಗಳೇ ತೊಟ್ಟಿಲಿನಂತೆ ತೂಗಲಿ. ಚೆಂಡು ತೀರಾ ಮುಂದೆ, ಎಡಪಾದದ ಕಡೆ, ಇದ್ದರೂ ಪಟ್ಟರ್ ಮುಖ ಎಡಕ್ಕೆ ತಿರುಗಿಕೊಂಡ ಮೇಲೆ ತಾಗುತ್ತದೆ. ಎರಡೂ ಪಾದಗಳ ನಡುವಿನಿಂದ ಒಂದು ಚೆಂಡಿನಷ್ಟು ಎಡಕ್ಕೆ ಇಟ್ಟರೆ ಸಾಕು.

ಪರೀಕ್ಷೆ ಹೀಗೆ: ಸಮತಟ್ಟಾದ ಕಡೆ, ಚೆಂಡಿನಿಂದ 30 ಸೆಂ.ಮೀ. ಮುಂದೆ ಎರಡು ಟೀಗಳನ್ನು (ಚೆಂಡು ಇಡುವ ಪುಟ್ಟ ಗೂಟಗಳನ್ನು) 5.3 ಸೆಂ.ಮೀ. ಅಂತರದಲ್ಲಿ ಚುಚ್ಚಿ. ಚೆಂಡಿನ ಅಗಲ 4.27 ಸೆಂ.ಮೀ. ಮುಟ್ಟದೆ ದಾಟಿತೆಂದರೆ ದಿಕ್ಕು ಹೆಚ್ಚುಕಡಿಮೆ ಒಂದು ಡಿಗ್ರಿಯೊಳಗೇ ಇದೆ. ಟೀ ಮುಟ್ಟಿದರೆ ಯಾವ ಬದಿಯದು ಎಂದು ಗುರುತಿಟ್ಟುಕೊಳ್ಳಿ, ನಿಮ್ಮ ದೋಷ ಅಲ್ಲೇ ಕಾಣುತ್ತದೆ.

ಪ್ರಶ್ನೆ: 30 ಅಡಿಯ ಪಟ್ ಒಮ್ಮೆ ಅರ್ಧದಲ್ಲೇ ನಿಲ್ಲುತ್ತದೆ, ಇನ್ನೊಮ್ಮೆ ಹೋಲ್ ದಾಟಿ ಓಡುತ್ತದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪಟ್ಟರನ್ನು ಬಹಳ ಹಿಂದಕ್ಕೆ ಒಯ್ದು, ಜಾಸ್ತಿಯಾಯಿತೆಂದು ಚೆಂಡಿನ ಬಳಿ ಕೈ ತಡೆಯುತ್ತಿರಬಹುದು. ಆಗ ಅರ್ಧದಲ್ಲಿ ನಿಲ್ಲುತ್ತದೆ. ಮುಂದಿನ ಸಲ ಹೆದರಿ ಗುದ್ದುತ್ತೀರಿ, ಓಡುತ್ತದೆ. ದೂರ ಹೆಚ್ಚಾದಂತೆ ತೂಗಿನ ಉದ್ದ ಹೆಚ್ಚಲಿ, ಲಯ ಬದಲಾಗದಿರಲಿ. ಹಿಂದಕ್ಕೆ ಹೋಗುವಾಗ ಮನಸ್ಸಿನಲ್ಲೇ ‘ಒಂದು, ಎರಡು’, ಚೆಂಡಿಗೆ ತಾಗುವಾಗ ‘ಮೂರು’ ಎಂದು ಎಣಿಸಿ. ಪಟ್ಟರಿನ ನಡುಭಾಗ ಬಿಟ್ಟು ತುದಿಗೆ ತಾಗಿದರೂ ವೇಗ ಕಳೆಯುತ್ತದೆ ಎಂಬುದು ನೆನಪಿರಲಿ.

ಬರ್ಮುಡಾ ಹುಲ್ಲಿನ ಗ್ರೀನ್‌ನಲ್ಲಿ (ಹೋಲ್ ಸುತ್ತಲಿನ ನುಣುಪು ಹುಲ್ಲುಹಾಸಿನಲ್ಲಿ) ಎಲೆ ವಾಲಿದ ದಿಕ್ಕನ್ನೂ ನೋಡಿ. ನಿಮ್ಮ ಮುಂದೆ ಹುಲ್ಲು ಹೊಳೆಯುವಂತಿದ್ದರೆ ಅದು ನಿಮ್ಮಿಂದ ಆಚೆಗೆ ವಾಲಿದೆ, ಚೆಂಡು ಬೇಗ ಹೋಗುತ್ತದೆ. ಕಡುಹಸಿರಾಗಿ ಮಂಕಾಗಿದ್ದರೆ ತಡೆಯುತ್ತದೆ. ಬೆಳಗಿನ ಇಬ್ಬನಿಯೂ ತಡೆಯುವುದೇ.

ಪ್ರಶ್ನೆ: ಉದ್ದನೆಯ ಪಟ್ಟರನ್ನು ಎದೆಗೆ ಒತ್ತಿ ಹಿಡಿಯಬಹುದೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇಲ್ಲ. 2016ರಿಂದ ನಿಷಿದ್ಧ. ಉದ್ದನೆಯ ಪಟ್ಟರಿಗೆ ಅಡ್ಡಿಯಿಲ್ಲ, ಅದನ್ನಾಗಲಿ ಹಿಡಿದ ಕೈಯನ್ನಾಗಲಿ ಮೈಗೆ ಆನಿಸಿ ತಿರುಗಣಿ ಮಾಡಿಕೊಳ್ಳುವಂತಿಲ್ಲ. ಹಿಡಿಕೆಯನ್ನು ಮುಂಗೈಗೆ ಒತ್ತಿ ಆಡುವುದಕ್ಕೆ ಮಾತ್ರ ಅವಕಾಶವಿದೆ.