ಬಕೆಟ್ ಗಾಡಿಯಲ್ಲಿ ಮರಗಸಿ: ಹುಡುಗರನ್ನು ಮೇಲೆ ಕಳಿಸುವ ಮುಂಚೆ

ಅಣ್ಣ, ನಿಮ್ಮ ಪ್ರಶ್ನೆ ಓದಿದೆ. ಮನೆ ಅಂಗಳ ಮತ್ತು ತೋಟದ ರಸ್ತೆ ಬದಿಯಲ್ಲಿ ಎಂಟು ಸಿಲ್ವರ್ ಓಕ್, ಎರಡು ಹಲಸು. ಮರಗಸಿಯವರು (ಮರ ಹತ್ತಿ ಕೊಂಬೆ ಕಡಿಯುವವರು) ಸಿಗುತ್ತಿಲ್ಲ. ಹಾಗಾಗಿ ಎರಡು ದಿನಕ್ಕೆ ಬಕೆಟ್ ಲಿಫ್ಟ್ ಗಾಡಿ ಬಾಡಿಗೆಗೆ ತರಿಸುತ್ತಿದ್ದೀರಿ. ತೋಟದ ಇಬ್ಬರು ಹುಡುಗರೇ ಮೇಲೆ ಹೋಗುತ್ತಾರೆ, ಅವರಿಗೆ ಏನು ಹೇಳಿಕೊಡಬೇಕು ಅಂತ ಕೇಳಿದ್ದೀರಿ. ಇಲ್ಲೇ ಒಬ್ಬರು "ಬೆಲ್ಟ್ ಹಾಕಿಸಿ, ಸಾಕು" ಅಂದಿದ್ದಾರೆ. ಸಾಕಾಗುವುದಿಲ್ಲ. ಮೂರು ವರ್ಷದಿಂದ ನಾವೂ ಗಾಡಿ ತರಿಸುತ್ತಿದ್ದೇವೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲ ದಿನ ಬೆಳಿಗ್ಗೆ ಒಂದು ಕೊಂಬೆಯನ್ನೂ ಕಡಿಸಬೇಡಿ. ಬಾಡಿಗೆ ಓಡುತ್ತಿರುವಾಗ ಸುಮ್ನೆ ನಿಲ್ಲಿಸಲು ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಅರ್ಧ ದಿನ ಕಲಿಯಲು ಇಡಿ. ಬಕೆಟ್ಟನ್ನು ಐದಾರು ಅಡಿ ಮಾತ್ರ ಎತ್ತಿ ಹುಡುಗರಿಂದ ಆಡಿಸಿ. ಆಮೇಲೆ ಮುಖ್ಯವಾದ ಪಾಠ: ಮೇಲಿದ್ದವರು ಏನೂ ಮುಟ್ಟದೆ, ಕೆಳಗಿನವರು ಬಕೆಟ್ ಇಳಿಸಬೇಕು. ಗಾಡಿಯ ಬುಡದಲ್ಲೂ ಲಿವರ್ ಇರುತ್ತದೆ. ಇಂಜಿನ್ ನಿಂತರೆ ಇಳಿಸಲು ಕೈ ಪಂಪೋ ವಾಲ್ವೋ ಇರುತ್ತದೆ. ಆಪರೇಟರ್ ತೋರಿಸಿದರೆ ಸಾಲದು. ನಿಮ್ಮ ಮೇಸ್ತ್ರಿ ತಮ್ಮ ಕೈಯಿಂದಲೇ ಎರಡು ಸಲ ಇಳಿಸಲಿ. ಸಿಲ್ವರ್ ಓಕಿನಲ್ಲಿ ಹೆಜ್ಜೇನು ಎದ್ದರೆ ಮೇಲಿದ್ದವನಿಗೆ ಲಿವರ್ ಎಲ್ಲಿದೆ ಅಂತಲೇ ಕಾಣುವುದಿಲ್ಲ. (ಹಿಂದಿನ ದಿನವೇ ಪ್ರತಿ ಮರದ ತುದಿ ನೋಡಿಕೊಳ್ಳಿ, ಗೂಡಿದ್ದರೆ ಆ ಮರ ಬಿಟ್ಟುಬಿಡಿ.) ಆಪರೇಟರ್ ಹತ್ತಿರ ಇಪಾಫ್ (IPAF, ಇಂಥ ಎತ್ತುವ ಗಾಡಿಗಳ ಅಂತರರಾಷ್ಟ್ರೀಯ ಸಂಸ್ಥೆ) ಕೊಡುವ ಪಾಲ್ (PAL) ಕಾರ್ಡ್ ಇದೆಯಾ ಕೇಳಿ. ತರಬೇತಿ ಮುಗಿಸಿದವರಿಗೆ ಕೊಡುವ ಕಾರ್ಡ್ ಅದು, 5 ವರ್ಷ ನಡೆಯುತ್ತದೆ.

ಈಗ ಕರೆಂಟಿನ ವಿಷಯ. ನಮ್ಮ ಕಡೆ ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಎಷ್ಟು ಜನ ಹೋಗಿದ್ದಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಾಡಿಗೆಗೆ ಸಿಗುವ ಗಾಡಿಗಳ ತೋಳು ಬಹುಪಾಲು ಕಬ್ಬಿಣದ್ದೇ, ಕರೆಂಟ್ ತಡೆಯುವಂಥದ್ದಲ್ಲ. 11 ಕೆ.ವಿ. ಲೈನಿನಿಂದ ಬಕೆಟ್, ಮನುಷ್ಯ, ಕೊಂಬೆ, ಗರಗಸ ಎಲ್ಲವೂ ಕನಿಷ್ಠ 10 ಅಡಿ ದೂರ ಇರಬೇಕು. ನಾನಂತೂ 15 ಅಡಿ ಅಂತಲೇ ಹೇಳುತ್ತೇನೆ, ಕೆಳಗಿನಿಂದ ನೋಡುವಾಗ ಅಂದಾಜು ತಪ್ಪುತ್ತದೆ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ. ಅದಕ್ಕಿಂತ ಹತ್ತಿರದ ಮರ ಆದರೆ ಮೊದಲೇ ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋಗಿ ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತೆಗೆದುಕೊಳ್ಳಿ. "ಕರೆಂಟ್ ಹೋಗಿದೆ, ಬೇಗ ಕಡಿದುಬಿಡೋಣ" ಅನ್ನುವುದು ಎಲ್.ಸಿ. ಅಲ್ಲ. ಯಾವ ಕ್ಷಣದಲ್ಲಾದರೂ ವಾಪಸ್ ಬರುತ್ತದೆ, ಇಲ್ಲವೇ ಪಕ್ಕದ ಮನೆಯ ಜನರೇಟರಿನಿಂದ ಹಿಂದಕ್ಕೆ ಹರಿದು ಬರುತ್ತದೆ. ಲೈನ್‌ಮನ್ ಅಲ್ಲೇ ನಿಂತು, ತಂತಿಯನ್ನು ನೆಲಕ್ಕೆ ಅರ್ಥಿಂಗ್ ಮಾಡಿ, "ಹೂಂ" ಅಂದ ಮೇಲೆಯೇ ಗರಗಸ ಸ್ಟಾರ್ಟ್ ಆಗಬೇಕು.

ಅಕಸ್ಮಾತ್ ತಾಗಿದರೆ ಏನು ಮಾಡಬೇಕು ಅನ್ನುವುದನ್ನೂ ಬಾಯಿಪಾಠ ಮಾಡಿಸಿ. ಕೆಳಗಿನವರು ಗಾಡಿ ಮುಟ್ಟಬಾರದು, ಹತ್ತಿರವೂ ಹೋಗಬಾರದು. ಮೇಲಿದ್ದವರು ಅಲ್ಲೇ ಇರಬೇಕು. 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಬೇಕು. ಗಾಡಿಗೆ ಬೆಂಕಿ ಹತ್ತಿದರೆ ಮಾತ್ರ ಡ್ರೈವರ್ ಎರಡೂ ಕಾಲು ಜೋಡಿಸಿ ನೆಲಕ್ಕೆ ಹಾರಬೇಕು. ಗಾಡಿ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೆ ಪಾದ ಎತ್ತದೆ, ಪುಟ್ಟಪುಟ್ಟದಾಗಿ ಜರುಗಿಸುತ್ತಾ ದೂರ ಹೋಗಬೇಕು. ಇದನ್ನು ಅಂಗಳದಲ್ಲಿ ನಿಜವಾಗಿ ನಡೆಸಿ ತೋರಿಸಿ. ಹುಡುಗರು ನಗುತ್ತಾರೆ, ನಗಲಿ.

ಜಾಕ್ (ಗಾಡಿ ಅಲುಗದ ಹಾಗೆ ನೆಲಕ್ಕೆ ಊರುವ ಕಾಲು) ವಿಷಯದಲ್ಲಿ ನಮಗೆ ಆದದ್ದು ಹೇಳುತ್ತೇನೆ. ಎರಡು ಮಳೆ ಬಿದ್ದು ಮಣ್ಣು ಮೆತ್ತಗಿತ್ತು. ರಸ್ತೆ ಅಂಚಿನಲ್ಲಿ ಹಳೇ ಗೊಬ್ಬರದ ಗುಂಡಿ ಇತ್ತು, ಮುಚ್ಚಿ ಹತ್ತು ವರ್ಷವಾಗಿತ್ತು, ನನಗೂ ಮರೆತುಹೋಗಿತ್ತು. ಹಿಂದಿನ ಎಡಗಡೆ ಜಾಕ್ ಸರಿಯಾಗಿ ಅದರ ಮೇಲೇ ಕೂತಿತ್ತು. ಹುಡುಗ ಸುಮಾರು ಮೂವತ್ತು ಅಡಿ ಮೇಲಿದ್ದ. ಜಾಕಿನಡಿಯ ಹಲಗೆ "ಚಟ್" ಅಂದಿತು, ಜಾಕ್ ಒಂದು ಗೇಣು ಇಳಿಯಿತು. ಕೆಳಗೆ ಒಂದು ಗೇಣು, ಆದರೆ ಮೇಲೆ ಬಕೆಟ್ ಕವಣೆಯ ಹಾಗೆ ಬೀಸಿತು. ಅವನ ಎರಡು ಕಾಲೂ ಬಕೆಟ್ಟಿನಿಂದ ಎದ್ದವು. ಬೆಲ್ಟಿನ ಹುಕ್ಕು ಬಕೆಟ್ಟಿನ ಕೊಂಡಿಗೇ ಇತ್ತು, ಅದು ಹಿಡಿದುಕೊಂಡಿತು. ಹತ್ತು ನಿಮಿಷದ ಹಿಂದೆ ಅವನು ಅದನ್ನು ಮರದ ಕೊಂಬೆಗೆ ಸಿಕ್ಕಿಸಿಕೊಂಡಿದ್ದ, ನಾನು ಕೂಗಿ ಬದಲಾಯಿಸಿದ್ದೆ. ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ.

ಹಾಗಾಗಿ ಜಾಕ್ ಕೂರುವ ಜಾಗವನ್ನು ಹಾರೆಯಿಂದ ಕುಟ್ಟಿ ನೋಡಿ. ಅಗಲವಾದ ದಪ್ಪ ಹಲಗೆ ಕೊಡಿ. ಧರೆ ಅಂಚಿಗೆ ಗಾಡಿ ನಿಲ್ಲಿಸಬೇಡಿ. ಬೆಲ್ಟ್ ಸೊಂಟದ್ದಲ್ಲ, ಭುಜ ಮತ್ತು ತೊಡೆಗೂ ಪಟ್ಟಿ ಇರುವ ಪೂರ್ತಿ ಮೈಯದ್ದು, ಐ.ಎಸ್. 3521 ಗುರುತು ನೋಡಿ ತನ್ನಿ. ಹುಕ್ಕು ಬಕೆಟ್ಟಿನ ಕೊಂಡಿಗೆ ಮಾತ್ರ. ಮರಕ್ಕೆ ಕಟ್ಟಿದರೆ ಬಕೆಟ್ ಜರುಗಿದಾಗ ಮನುಷ್ಯನನ್ನೇ ಎಳೆದು ಹಾಕುತ್ತದೆ. ಕೈಗೆಟುಕದ ಕೊಂಬೆಗೆ ಬಕೆಟ್ ಅಂಚಿನ ಮೇಲೆ ಕಾಲಿಡಬಾರದು, ಬಕೆಟ್ಟನ್ನೇ ಸರಿಸಬೇಕು. ಯಾರಾದರೂ ಬೆಲ್ಟಿನಲ್ಲಿ ನೇತಾಡಿದರೆ ನಿಮಿಷಗಳಲ್ಲಿ ಇಳಿಸಬೇಕು. ಕಾಲಿನಲ್ಲಿ ರಕ್ತ ನಿಂತು ಎಚ್ಚರ ತಪ್ಪುತ್ತದೆ.

ಕಡಿಯುವುದು ನಿಮ್ಮ ಹುಡುಗರಿಗೆ ಗೊತ್ತಿರುತ್ತದೆ, ಆದರೆ ಬಕೆಟ್ಟಿನಿಂದ ಕಡಿಯುವುದು ಬೇರೆ. ಕೊಂಬೆಯ ಕೆಳಗೆ ಬಕೆಟ್ ಇರಲೇಬಾರದು, ಪಕ್ಕದಲ್ಲಿ ಇರಲಿ. ಮೊದಲು ಅಡಿಯಿಂದ ಮೂರನೇ ಒಂದು ಭಾಗ ಕೊಯ್ದು, ಸ್ವಲ್ಪ ಆಚೆಗೆ ಮೇಲಿನಿಂದ ಕೊಯ್ಯಬೇಕು. ಇಲ್ಲದಿದ್ದರೆ ಸಿಗಿದುಕೊಂಡು ಬಂದು ಬಕೆಟ್ಟಿಗೆ ಬಡಿಯುತ್ತದೆ. ಗರಗಸಕ್ಕೆ ಯಾವಾಗಲೂ ಎರಡು ಕೈ. ಕೆಳಗೆ ಹಗ್ಗ ಕಟ್ಟಿ, ಮರದ ಎತ್ತರದ ಎರಡು ಪಟ್ಟು ದೂರದೊಳಗೆ ಯಾರೂ ಬಾರದ ಹಾಗೆ ಒಬ್ಬರನ್ನು ನಿಲ್ಲಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ.

ಮತ್ತೆ, ಗಾಡಿ ಬರದಿದ್ದರೆ ಜೆಸಿಬಿ ಬಕೆಟ್ಟಿನಲ್ಲಿ ಎತ್ತಿಸುತ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ ಅಣ್ಣ. ಅದು ಮಣ್ಣು ಎತ್ತಲು ಮಾಡಿದ್ದು. ಹುಕ್ಕು ಹಾಕಲು ಕೊಂಡಿ ಇಲ್ಲ, ಲಿವರ್ ಸ್ವಲ್ಪ ತಪ್ಪಿದರೆ ಬಕೆಟ್ ಮಗುಚುತ್ತದೆ. ಗಾಡಿ ಸಿಗದಿದ್ದರೆ ಮರಗಸಿಯನ್ನು ಮುಂದಕ್ಕೆ ಹಾಕಿ.

ಹತ್ತು ಮರದಲ್ಲಿ ತಂತಿ ಪಕ್ಕದ್ದು ಯಾವುದು? ಬುಡ, ತುದಿ, ಕಂಬ ಮೂರೂ ಕಾಣುವ ಹಾಗೆ ಫೋಟೋ ಹಾಕಿ, ಇವತ್ತು ರಾತ್ರಿಯೇ ನೋಡಿ ಹೇಳುತ್ತೇನೆ.